ಸಂಬಂಧ ಓಪನ್ನು, ಬಾಯಿ ಮಾತ್ರ ಬಂದ್: ತೂಕ ಇಳಿಸೋ ಇಂಜೆಕ್ಷನ್ ಕಾಲದಲ್ಲಿ ಜೋಡಿಗಳು ಆಡದೇ ಉಳಿಸಿಕೊಂಡ ಮಾತು

ಎರಡು ಸುದ್ದಿ ಈಗ ಒಂದೇ ಮೊಬೈಲಲ್ಲಿ ಅಕ್ಕಪಕ್ಕ ಬಂದು ಕೂತಿವೆ, ಓದಿದವರಿಗೆ ತಲೆಬುಡ ತಿಳೀತಿಲ್ಲ. ಮೊದಲನೇದು ತೂಕ ಇಳಿಸೋ ಇಂಜೆಕ್ಷನ್. 2025ರ ಮಾರ್ಚಲ್ಲಿ ಮೌಂಜಾರೊ ಭಾರತಕ್ಕೆ ಬಂತು, ಜೂನಲ್ಲಿ ವಿಗೋವಿ ಬಂತು, ಡಿಸೆಂಬರಲ್ಲಿ ಒಜೆಂಪಿಕ್ಕೂ ಬಂತು, 2026ರ ಮಾರ್ಚಲ್ಲಿ ವಿಗೋವಿ, ಒಜೆಂಪಿಕ್ ಎರಡರಲ್ಲೂ ಇರೋ ಸೆಮಾಗ್ಲುಟೈಡ್ ಅನ್ನೋ ಮೂಲ ಔಷಧದ ಪೇಟೆಂಟೇ ಮುಗಿದು ನಮ್ಮ ದೇಶದ ಕಂಪನಿಗಳು ಅದನ್ನ ಅಗ್ಗಕ್ಕೆ ಮಾಡೋ ದಾರಿ ತೆರೀತು. ಎರಡನೇದು ಸಂಬಂಧಗಳ ಸುದ್ದಿ. ಡೇಟಿಂಗ್ ಆಪ್‌ಗಳು ಮೊದ್ಲು ಹೆಸರು, ವಯಸ್ಸು, ಊರು ಕೇಳ್ತಿದ್ವು. 2023ರಿಂದ ಟಿಂಡರ್ "ನಿಮಗೆ ಎಂಥಾ ಸಂಬಂಧ ಬೇಕು" ಅಂತ ಕೇಳಿ ಓಪನ್ ರಿಲೇಷನ್‌ಶಿಪ್, ಪಾಲಿಅಮರಿ (ಎಲ್ಲರೂ ಒಪ್ಪಿ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಸಂಬಂಧ) ಅಂತೆಲ್ಲ ಆಯ್ಕೆ ಕೊಡೋಕೆ ಶುರು ಮಾಡ್ತು. ಬಾಂದ್ರಾದಲ್ಲಿ ಇರೋರು ಇದನ್ನ ಮಾಮೂಲಿ ಅಂತ ದಾಟಿ ಹೋಗಬಹುದು, ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಸಂಘದ ವಾರ್ಷಿಕೋತ್ಸವಕ್ಕೆ ಹೋಗೋ ಕನ್ನಡದ ಮನೆಯವರಿಗೆ ಇದೆಂಥಾ ಲೋಕ ಅನಿಸೋದು ಸಹಜ.

ಇವೆರಡಕ್ಕೂ ಏನು ನಂಟು ಅಂತ ಕೇಳಬಹುದು. ನಂಟಿದೆ. ಮೈ ಅನ್ನೋದು ಹಣೆಬರಹ ಆಗಿದ್ದಷ್ಟು ದಿನ ಗಂಡ ಹೆಂಡತಿ ಅದರ ಬಗ್ಗೆ ಮಾತಾಡದೇ ಸಂಸಾರ ಮಾಡಬಹುದಿತ್ತು. ಈಗ ಮೈ ಅನ್ನೋದು ತೀರ್ಮಾನ ಆಗಿದೆ, ತಿಂಗಳ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಗಿದೆ, ತೀರ್ಮಾನ ಅಂದ್ಮೇಲೆ ಯಾಕೆ, ಯಾರಿಗೋಸ್ಕರ ಅನ್ನೋ ಪ್ರಶ್ನೆ ಹಿಂದೇನೇ ಬರುತ್ತೆ. ಓಪನ್ ಸಂಬಂಧ ಒಪ್ಪಿಕೊಂಡಿರೋ ಜೋಡಿಗಳು ಯಾರನ್ನ ಭೇಟಿ ಮಾಡೋದು, ಎಲ್ಲಿ, ಎಷ್ಟು ಹೊತ್ತಿಗೆ ವಾಪಸ್ಸು ಅಂತೆಲ್ಲ ರೂಲ್ಸ್ ಮಾಡ್ಕೊಂಡಿರ್ತಾರೆ, ಈ ಒಂದು ಪ್ರಶ್ನೆಗೆ ಮಾತ್ರ ರೂಲ್ಸ್ ಇರೋದಿಲ್ಲ.

ಮೊದ್ಲು ಪದ ಬಿಡಿಸ್ಕೊಳ್ಳೋಣ

ಕನ್ನಡ ಟಿವಿಯಲ್ಲಿ ಮದುವೆಯಾಚೆಗಿನ ಎಲ್ಲದಕ್ಕೂ ಒಂದೇ ಪದ, "ಅನೈತಿಕ ಸಂಬಂಧ". ಅದರಲ್ಲಿ ಕದ್ದು ಮಾಡೋದೂ ಬಂತು, ಒಪ್ಪಿ ಮಾಡೋದೂ ಬಂತು, ಹಾಗಾಗಿ ಗೊಂದಲ ಶುರುವಾಗೋದೇ ಅಲ್ಲಿಂದ. ಫ್ರಾನ್ಸಲ್ಲಿ 2009ರಲ್ಲಿ ಶುರುವಾಗಿ 2017ರಲ್ಲಿ ಇಲ್ಲಿಗೆ ಬಂದ ಗ್ಲೀಡೆನ್ ಅನ್ನೋ ಆಪ್ ಇದೆ, ಅದು ಮದುವೆ ಆದವರು ಗುಟ್ಟಾಗಿ ಇನ್ನೊಬ್ಬರನ್ನ ಹುಡುಕೋಕೆ ಅಂತಲೇ ಇರೋದು. ಓಪನ್ ಸಂಬಂಧ ಅಂದ್ರೆ ಅದರ ಉಲ್ಟಾ, ಮೂವರಿಗೂ ನಾಲ್ವರಿಗೂ ವಿಷಯ ಗೊತ್ತಿರಬೇಕು, ಗೊತ್ತಿದ್ದು ಒಪ್ಪಿರಬೇಕು. ಗುಟ್ಟು ಇತ್ತು ಅಂದ್ರೆ ಅದು ಹಳೇ ಮೋಸವೇ, ಇಂಗ್ಲಿಷ್ ಹೆಸರು ಇಟ್ಟ ಮಾತ್ರಕ್ಕೆ ಬೇರೆ ಆಗಲ್ಲ.

ಅಂದ್ರೆ ಇಡೀ ಕಟ್ಟಡ ನಿಂತಿರೋದು ಮಾತಿನ ಮೇಲೆ. ಸಾಮಾನ್ಯ ಮದುವೆಯಲ್ಲಿ ಮಾತು ಕಮ್ಮಿ ಆದ್ರೂ ನೆಂಟರು, ಮಕ್ಕಳು, ಹೋಮ್ ಲೋನು, ಜನ ಏನಂತಾರೋ ಅನ್ನೋ ಭಯ, ಇವೆಲ್ಲ ಸೇರಿ ಹಿಡಿದುಕೊಂಡಿರ್ತವೆ. ಓಪನ್ ಸಂಬಂಧದಲ್ಲಿ ಈ ಕಂಬಗಳಲ್ಲಿ ಅರ್ಧ ತೆಗೆದು ಆಗಿರುತ್ತೆ.

ತುಂಬಿದ ಮೈಯಿಂದ ಸಪಾಟು ಹೊಟ್ಟೆಗೆ

ನಮ್ಮಲ್ಲಿ ಚೆಂದದ ಲೆಕ್ಕ ಬೇರೆ ಇತ್ತು. "ಮೈಕೈ ತುಂಬಿಕೊಂಡಿದ್ದಾಳೆ" ಅನ್ನೋದು ಹೊಗಳಿಕೆ. "ಲಕ್ಷಣವಾಗಿದ್ದಾಳೆ" ಅನ್ನೋ ಮಾತಲ್ಲಿ ಸೊಂಟದ ಅಳತೆ ಎಲ್ಲೂ ಇಲ್ಲ, ಕಳೆ ಇದ್ರೆ ಸಾಕು. ಊರಿಂದ ಬಂದ ಅತ್ತೆ ಮೊದ್ಲು ಕೇಳೋ ಪ್ರಶ್ನೆ "ಏನೇ ಹೀಗೆ ಸೊರಗಿ ಹೋಗಿದ್ದೀಯ, ಮನೇಲಿ ಊಟ ಹಾಕಲ್ವಾ" ಅಂತ, ಯಾಕಂದ್ರೆ ಸೊರಗೋದು ಕಾಯಿಲೆಯ ಇಲ್ಲಾ ಬಡತನದ ಗುರುತು. ಗಂಡಸಿಗೆ ಸ್ವಲ್ಪ ಹೊಟ್ಟೆ ಬಂದ್ರೆ ಅದು ಅನುಕೂಲಸ್ಥ ಅನ್ನೋದಕ್ಕೆ ಸಾಕ್ಷಿ. (ಆ ಕಾಲ ಚೆನ್ನಾಗಿತ್ತು ಅಂತ ಅಲ್ಲ. ಬಣ್ಣದ ವಿಷಯದಲ್ಲಿ ಆಗಲೂ ದಯೆ ಇರಲಿಲ್ಲ, ಮದುವೆ ಬಯೋಡೇಟಾದಲ್ಲಿ "ಗೋಧಿ ಬಣ್ಣ" ಅಂತ ಬರೆದವರ ಕಷ್ಟ ಅವರಿಗೇ ಗೊತ್ತು.)

ಇದು ಬದಲಾಗೋಕೆ ಎಷ್ಟು ದಿನ ಬೇಕು? ಬಹಳ ಬೇಡ. ಫಿಜಿ ದ್ವೀಪದಲ್ಲಿ ಒಂದು ಪ್ರಸಿದ್ಧ ಅಧ್ಯಯನ ನಡೆದಿದೆ. ಅಲ್ಲೂ ನಮ್ಮ ಹಾಗೇ ತುಂಬಿದ ಮೈಗೆ ಬೆಲೆ. 1995ರಲ್ಲಿ ಒಂದು ಪ್ರಾಂತ್ಯಕ್ಕೆ ಟಿವಿ ಬಂದ ಹೊಸದರಲ್ಲಿ ಆನ್ ಬೆಕರ್ ಅನ್ನೋ ಸಂಶೋಧಕಿ ಶಾಲೆ ಹುಡುಗಿಯರನ್ನ ಮಾತಾಡಿಸಿದ್ರು, 1998ರಲ್ಲಿ ಮತ್ತೆ ಅದೇ ವಯಸ್ಸಿನವರನ್ನ ಮಾತಾಡಿಸಿದ್ರು. ಊಟದ ಬಗ್ಗೆ ತೊಂದರೆಯ ಮಟ್ಟಕ್ಕೆ ತಲೆಕೆಡಿಸಿಕೊಂಡವರ ಪ್ರಮಾಣ ಮೂರು ವರ್ಷದಲ್ಲಿ 12.7%ನಿಂದ 29.2%ಗೆ ಏರಿತ್ತು. ಅದು ಒಂದು ಟಿವಿಯ ಕಥೆ, ಹಾಲಲ್ಲಿ ಇಟ್ಟಿದ್ದು, ದಿನಕ್ಕೆ ಇಂತಿಷ್ಟು ಹೊತ್ತು ನೋಡೋದು. ಇವತ್ತು ಕೈಯಲ್ಲಿರೋ ಮೊಬೈಲು ಕಣ್ಣು ಬಿಟ್ಟಾಗಿಂದ ಮುಚ್ಚೋವರೆಗೆ ತೋರಿಸ್ತಾನೇ ಇರುತ್ತೆ, ಅದೂ ಫಿಲ್ಟರ್ ಹಾಕಿದ ಮೈಗಳನ್ನ.

ಗಂಡಸರ ಕಡೆಗೂ ಇದು ಬಂದಾಯ್ತು. ಅಂಧೇರಿಯಿಂದ ಪುಣೆಯ ಬಾಣೇರ್‌ವರೆಗೆ ಬೀದಿಗೊಂದು ಜಿಮ್, ಪ್ರೋಟೀನ್ ಡಬ್ಬ, ಸಿಕ್ಸ್ ಪ್ಯಾಕ್. 2025ರಲ್ಲಿ ಟಿಂಡರ್ ಎತ್ತರದ ಆಯ್ಕೆಯನ್ನೂ ದುಡ್ಡು ಕೊಟ್ಟ ಬಳಕೆದಾರರಿಗೆ ಪ್ರಯೋಗಕ್ಕೆ ಬಿಟ್ಟಾಗ ಗಂಡಸರು ಅನ್ಯಾಯ ಅಂತ ಕೂಗಿದ್ರು. ಹೆಂಗಸರು ತಲೆತಲಾಂತರದಿಂದ ಹೆಣ್ಣು ನೋಡೋ ಶಾಸ್ತ್ರದಲ್ಲಿ ಅನುಭವಿಸಿದ್ದು ಇದನ್ನೇ ಅಲ್ವಾ.

ಪುಣೆಯ ಒಂದು ಲೆಕ್ಕ, ತೂಕದ ಮಶೀನು ಹೇಳದ್ದು

ಇಲ್ಲೊಂದು ತೊಡಕಿದೆ, "ದಪ್ಪ ಇದ್ರೇನಂತೆ, ಹೀಗೇ ಚೆಂದ" ಅಂತ ಹೇಳಿ ಮುಗಿಸೋ ಹಾಗಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಪ್ರೊ. ಜಾನ್ ಯುಡ್ಕಿನ್ ಇಬ್ಬರೂ ಸೇರಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟದ ಬರಹ ಬರೆದ್ರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕೂಡ ಒಂದೇ, 22.3. ಮೈಯಲ್ಲಿರೋ ಕೊಬ್ಬು ಅಳೆದ್ರೆ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ನೋಡೋಕೆ ಸಣ್ಣಗಿರೋ ಭಾರತೀಯನ ಹೊಟ್ಟೆಯೊಳಗೆ ಕೊಬ್ಬು ಅವಿತಿರುತ್ತೆ, ಸಕ್ಕರೆ ಕಾಯಿಲೆ ಬೇಗ ಬರುತ್ತೆ ಅನ್ನೋದು ಅವರ ದಶಕಗಳ ಕೆಲಸದ ಸಾರ. ಅದಕ್ಕೇ ನಮ್ಮ ಡಾಕ್ಟರುಗಳು ಬೇರೆ ದೇಶದ 25, 30ರ ಗೆರೆ ಬಿಟ್ಟು 23 ದಾಟಿದ್ರೆ ಹೆಚ್ಚು ತೂಕ, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ ಇಟ್ಟುಕೊಂಡಿದ್ದು.

ಇದರಿಂದ ಆಗೋ ಪರಿಣಾಮ ಏನಂದ್ರೆ, ಚೆಂದದ ಆಸೆಗೆ ಆರೋಗ್ಯದ ಮುಖವಾಡ ಹಾಕೋದು ಬಹಳ ಸುಲಭ. "ಶುಗರ್ ಬಾರ್ಡರಲ್ಲಿದೆ ಅಂದ್ರು, ಅದಕ್ಕೇ ಸಣ್ಣ ಆಗ್ತಿದ್ದೀನಿ" ಅನ್ನೋದು ನಿಜವೂ ಇರಬಹುದು, ಹೊಸಬರು ಯಾರಿಗೋ ಚೆನ್ನಾಗಿ ಕಾಣಬೇಕು ಅನ್ನೋದೂ ನಿಜ ಇರಬಹುದು, ಎರಡೂ ಒಟ್ಟಿಗೆ ನಿಜ ಇರಬಹುದು. ಹೇಳೋರು ಮೊದಲನೇದನ್ನ ಮಾತ್ರ ಹೇಳ್ತಾರೆ.

ಇಂಜೆಕ್ಷನ್ ಏನನ್ನ ಬದಲಾಯಿಸ್ತು

ವಾರಕ್ಕೊಂದು ಚುಚ್ಚುಮದ್ದು. ಕರುಳಿನ ಹಾರ್ಮೋನಿನ ಹಾಗೆ ನಟಿಸಿ ಹಸಿವು ಕಮ್ಮಿ ಮಾಡುತ್ತೆ, ಹೊಟ್ಟೆ ಖಾಲಿ ಆಗೋದನ್ನ ನಿಧಾನ ಮಾಡುತ್ತೆ. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ 14.9% ತೂಕ ಇಳಿಸ್ತು, ಮೌಂಜಾರೊದಲ್ಲಿರೋ ಟಿರ್ಜೆಪಟೈಡ್ ಅತಿ ಹೆಚ್ಚಿನ ಡೋಸಲ್ಲಿ 72 ವಾರಕ್ಕೆ 20.9% ಇಳಿಸ್ತು. ಬಿಟ್ಟವರ ಕಥೆನೂ ಅಳೆದಿದ್ದಾರೆ, ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಮೌಂಜಾರೊ ಬಂದಾಗ 2.5 ಮಿಲಿಗ್ರಾಂ ಬಾಟಲಿಗೆ ₹3,500, 5 ಮಿಲಿಗ್ರಾಂಗೆ ₹4,375, ವಾರಕ್ಕೊಂದು ಅಂದ್ರೆ ತಿಂಗಳಿಗೆ 14 ಸಾವಿರದಿಂದ 17,500.

ಇದನ್ನ ಒಂದಕ್ಕೊಂದು ಜೋಡಿಸಿ ನೋಡಿ. ಜಿಮ್ಮಿಗೆ ಹೋಗೋದನ್ನ ಮುಚ್ಚಿಡೋಕೆ ಆಗಲ್ಲ, ಬೆವರು ಬರುತ್ತೆ, ಬಟ್ಟೆ ಒಗೀಬೇಕು, ಬೆಳಿಗ್ಗೆ ಐದಕ್ಕೆ ಅಲಾರಂ ಹೊಡಿಯುತ್ತೆ. ಇಂಜೆಕ್ಷನ್ ಒಂದು ನಿಮಿಷದ ಕೆಲಸ, ಬಾತ್‌ರೂಮಲ್ಲಿ ಮುಗಿಯುತ್ತೆ. ಅಂದ್ರೆ ಇದುವರೆಗೆ ಮೈ ಬದಲಾಗೋದು ನಿಧಾನವಾಗಿ, ಮನೆಯವರ ಕಣ್ಣೆದುರು ನಡೀತಿತ್ತು, ಈಗ ವೇಗವಾಗಿ, ಗುಟ್ಟಾಗಿ ನಡೆಯೋಕೆ ಸಾಧ್ಯ ಆಯ್ತು. ಮಧ್ಯಮ ವರ್ಗದ ಮನೆಯಲ್ಲಿ ತಿಂಗಳಿಗೆ 15 ಸಾವಿರ ಮುಚ್ಚಿಡೋದು ಇಷ್ಟು ದಿನ ಕಷ್ಟ ಇತ್ತು. ಜೆನೆರಿಕ್, ಅಂದ್ರೆ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳು ಮಾಡೋ ಅದೇ ಔಷಧ, ಬಂದು ಬೆಲೆ ಇಳಿದ ಹಾಗೆ ಆ ಅಡ್ಡಿಯೂ ಹೋಗುತ್ತೆ. ನಿಲ್ಲಿಸಿದ್ರೆ ತೂಕ ವಾಪಸ್ ಬರುತ್ತೆ ಅನ್ನೋ ಕಾರಣಕ್ಕೆ ಗುಟ್ಟು ಕೂಡ ವರ್ಷಗಟ್ಟಲೆ ಸಾಗಬೇಕು.

ಓಪನ್ ಸಂಬಂಧದಲ್ಲೇ ಇದು ಯಾಕೆ ಹೆಚ್ಚು ಕಚ್ಚುತ್ತೆ

ಒಂದು ಜೋಡಿ ಅಂದ್ಕೊಳ್ಳಿ, ಬರೀ ಉದಾಹರಣೆಗೆ. ಅವಳ ಮನೆಯವರು ಕುಂದಾಪುರ ಕಡೆಯವರು, ಅವಳು ಹುಟ್ಟಿ ಬೆಳೆದಿದ್ದು ಮುಲುಂಡಲ್ಲಿ. ಅವನು ಧಾರವಾಡದವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ವಾಕಡ್‌ನಲ್ಲಿ ಫ್ಲ್ಯಾಟು. ಮೂವತ್ತೈದು ದಾಟಿದೆ, ಇಬ್ಬರೂ ಓದಿಕೊಂಡವರು, ಸಂಬಂಧ ಓಪನ್ ಮಾಡೋಣ ಅಂತ ಪ್ರಸ್ತಾಪ ತೆಗೆದವನು ಅವನು. ಆಪ್‌ಗೆ ಇಬ್ಬರೂ ಹೋದ್ರು. ಇಂಥಾ ಆಪ್‌ಗಳಲ್ಲಿ ನಮ್ಮ ದೇಶದಲ್ಲಿ ಗಂಡಸರೇ ಕಿಕ್ಕಿರಿದಿರೋದ್ರಿಂದ ಅವಳಿಗೆ ಒಂದು ಸಂಜೆಗೆ ನೂರಾರು ಮೆಸೇಜು, ಅವನಿಗೆ ಎರಡು ವಾರಕ್ಕೊಂದು, ಅದೂ ಅರ್ಧಕ್ಕೆ ನಿಂತು ಹೋಗೋದು. ಅವನು ಕನ್ನಡಿ ಮುಂದೆ ನಿಲ್ಲೋಕೆ ಶುರು ಮಾಡ್ತಾನೆ. ಹೊಟ್ಟೆ ಒಳಗೆಳ್ಕೊಂಡು ಫೋಟೋ ತೆಗೀತಾನೆ. ಇಂಜೆಕ್ಷನ್ ಶುರು ಮಾಡ್ತಾನೆ, ಹೇಳೋದಿಲ್ಲ. ಆರು ತಿಂಗಳಿಗೆ ಹನ್ನೆರಡು ಕಿಲೋ ಇಳೀತಾನೆ. ಈಗ ಅವಳ ಸರದಿ, ಅವಳಿಗೆ ಅನಿಸುತ್ತೆ, ನನ್ನ ಜೊತೆ ಹತ್ತು ವರ್ಷ ಇದ್ದಾಗ ಬೇಡವಾಗಿದ್ದು ಈಗ ಯಾರಿಗೋಸ್ಕರ ಬೇಕಾಯ್ತು?

ಅವನು ಕೇಳ್ತಾನೆ, "ಯಾಕ ಹಿಂಗ ಸುಮ್ಮ ಕುಂತಿ?"

"ಎಂತ ಇಲ್ಲ ಮಾರಾಯಾ."

ಅಲ್ಲಿಗೆ ಮಾತು ಮುಗೀತು. ಅವರ ರೂಲ್ಸ್ ಪಟ್ಟಿಯಲ್ಲಿ ಒಂದೂ ಮುರಿದಿಲ್ಲ ಅನ್ನೋದನ್ನ ಗಮನಿಸಿ. ಯಾರನ್ನ ಭೇಟಿ ಮಾಡಿದೆ ಅಂತ ಇಬ್ಬರೂ ಹೇಳಿದ್ದಾರೆ, ರಾತ್ರಿ ಹನ್ನೊಂದರೊಳಗೆ ಬಂದಿದ್ದಾರೆ, ಲೊಕೇಶನ್ ಕಳಿಸಿದ್ದಾರೆ. ಎಲ್ಲಾ ಸರಿಯಿದ್ದು ಏನೋ ಸರಿಯಿಲ್ಲ.

ಸಾಮಾನ್ಯ ಮದುವೆಯಲ್ಲೂ ಹೋಲಿಕೆ ಇರುತ್ತೆ, ಸಿನಿಮಾದವರ ಜೊತೆ, ಪಕ್ಕದ ಮನೆಯವರ ಜೊತೆ. ಅದು ಊಹೆಯ ಹೋಲಿಕೆ, ಒಂದು ಗೊಣಗಾಟಕ್ಕೆ ಮುಗಿಯುತ್ತೆ. ಓಪನ್ ಸಂಬಂಧದಲ್ಲಿ ಹೋಲಿಕೆಗೆ ಹೆಸರಿದೆ, ಪ್ರೊಫೈಲ್ ಫೋಟೋ ಇದೆ, ಶನಿವಾರ ಸಂಜೆ ಅಪಾಯಿಂಟ್‌ಮೆಂಟ್ ಇದೆ. ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನೋ ಅಮೆರಿಕದ ಸಂಶೋಧಕರು 1970ರಲ್ಲೇ ಒಂದು ವಿಷಯ ಗುರುತಿಸಿದ್ರು, ಕೆಲವರು ಹಾಸಿಗೆಯಲ್ಲಿ ಇದ್ದೂ ಇರೋದಿಲ್ಲ, ತಮ್ಮನ್ನೇ ತಾವು ಹೊರಗೆ ನಿಂತು ನೋಡ್ತಿರ್ತಾರೆ, ಹೊಟ್ಟೆ ಹೇಗೆ ಕಾಣ್ತಿದೆ, ಲೈಟ್ ಆರಿಸಬೇಕಾ ಅಂತ. ಸ್ಪೆಕ್ಟೇಟರಿಂಗ್ ಅಂತ ಕರೆದ್ರು. ಹೀಗೆ ಪ್ರೇಕ್ಷಕರಾಗಿಬಿಟ್ಟವರಿಗೆ ಸುಖ ಸಿಗಲ್ಲ, ಸುಖ ಸಿಗದೇ ಇದ್ದಾಗ ದೂರ ಆಗ್ತಾರೆ, ದೂರ ಆದಾಗ ಜೊತೆಗಾರರು ಅದನ್ನ "ನಾನು ಬೇಡವಾದೆ" ಅಂತ ಓದ್ಕೊಳ್ತಾರೆ. ಮೈಯ ನಾಚಿಕೆ ಹೀಗೆ ಎರಡೇ ಹೆಜ್ಜೆಯಲ್ಲಿ ಪ್ರೀತಿಯ ಅನುಮಾನ ಆಗಿಬಿಡುತ್ತೆ, ಇಬ್ಬರಿಗೂ ಅದು ಎಲ್ಲಿಂದ ಶುರುವಾಯ್ತು ಅಂತ ಗೊತ್ತಿರಲ್ಲ.

ರೂಲ್ಸು ಇಂಗ್ಲಿಷಲ್ಲಿ, ನೋವು ಕನ್ನಡದಲ್ಲಿ

ನನ್ನ ಪ್ರಕಾರ ಕನ್ನಡದ ಜೋಡಿಗಳಿಗೆ ಇಲ್ಲಿ ಒಂದು ಹೆಚ್ಚಿನ ತೊಡಕಿದೆ, ಅದನ್ನ ಯಾವ ಇಂಗ್ಲಿಷ್ ಪಾಡ್‌ಕಾಸ್ಟೂ ಹೇಳಲ್ಲ. ಬೌಂಡರಿ, ಕನ್ಸೆಂಟ್, ಪ್ರೈಮರಿ ಪಾರ್ಟ್‌ನರ್, ಈ ಪದಗಳೆಲ್ಲ ಅಲ್ಲಿಂದ ಬಂದವು. ಸಂಗಾತಿ ಇನ್ನೊಬ್ಬರ ಜೊತೆ ಖುಷಿಯಾಗಿರೋದು ನೋಡಿ ತಾನೂ ಖುಷಿ ಪಡೋದಕ್ಕೆ "ಕಂಪರ್ಷನ್" ಅನ್ನೋ ಪದವನ್ನ ಸ್ಯಾನ್ ಫ್ರಾನ್ಸಿಸ್ಕೋದ ಕೆರಿಸ್ಟಾ ಅನ್ನೋ ಕಮ್ಯೂನಿನವರು ಹುಟ್ಟಿಸಿಕೊಂಡ್ರು. ಆ ಪದಗಳಲ್ಲಿ ಒಪ್ಪಂದ ಮಾಡ್ಕೊಳ್ಳೋದು ಸುಲಭ, ಆಫೀಸ್ ಮೀಟಿಂಗ್ ಥರ, ಬಾಯಿಗೆ ಕಹಿ ಆಗಲ್ಲ.

ನೋವಾದಾಗ ಮಾತ್ರ ಬಾಯಿಗೆ ಬರೋದು ಮನೆ ಭಾಷೆ, ಅಲ್ಲಿ ಇರೋ ಪದಗಳನ್ನ ನೋಡಿ. ಹೆಣ್ಣಿನ ಅಸೂಯೆಗೆ "ಸವತಿ ಮತ್ಸರ" ಅನ್ನೋ ರೆಡಿಮೇಡ್ ಪದ ಇದೆ, ಅದರಲ್ಲೇ ಬೈಗುಳ ಅಡಗಿದೆ, ಹಾಗಾಗಿ ಅವಳು ಬಾಯಿ ಬಿಡಲ್ಲ. ಗಂಡಿನ ಅಸೂಯೆಗೆ ಅಂಥಾ ಪದವೇ ಇಲ್ಲ, ಅವನಿಗೆ ಬರೋದು ಸಿಟ್ಟು ಇಲ್ಲಾ ಅವಮಾನ, ಹಾಗಾಗಿ ಅವನೂ ಬಾಯಿ ಬಿಡಲ್ಲ. ಮೈ ಬಗ್ಗೆ ನಮಗೆ ಗೊತ್ತಿರೋದು ಬರೀ ಕಾಮೆಂಟು. ದಪ್ಪ ಆಗಿದ್ದೀಯಲ್ಲ, ಕಡ್ಡಿ ಆಗಿದ್ದೀಯಲ್ಲ. ಇನ್ನೊಬ್ಬರ ಮೈ ಬಗ್ಗೆ ಹೇಳೋಕೆ ಹತ್ತು ಮಾತಿದೆ, ನನ್ನ ಮೈ ನನಗೇ ಇಷ್ಟ ಆಗ್ತಿಲ್ಲ, ನೀನು ನೋಡ್ತಿದ್ರೆ ನಾಚಿಕೆ ಆಗ್ತಿದೆ ಅನ್ನೋ ಮಾತನ್ನ ಗಂಡ ಹೆಂಡತಿಗೆ ಅಥವಾ ಹೆಂಡತಿ ಗಂಡನಿಗೆ ಕನ್ನಡದಲ್ಲಿ ಹೇಳೋ ರೂಢಿ ನಮ್ಮ ಮನೆಗಳಲ್ಲಿ ಬೆಳೆದೇ ಇಲ್ಲ.

ಹಾಗಾಗಿ "ನಾವು ಎಲ್ಲಾ ಓಪನ್ ಆಗಿ ಹೇಳ್ತೀವಿ" ಅನ್ನೋ ಜೋಡಿ ಹೇಳ್ತಿರೋದು ಬಹುಪಾಲು ವರದಿ. ಎಲ್ಲಿ ಹೋದೆ, ಯಾರು ಸಿಕ್ಕರು, ಏನಾಯ್ತು. ವರದಿಗೆ ಧೈರ್ಯ ಬೇಕಿಲ್ಲ. "ಅವನ ಮೈಕಟ್ಟು ನೋಡಿ ನಂಗೆ ನಿನ್ನ ನೆನಪಾಗಲಿಲ್ಲ" ಅನ್ನೋದು ಕೂಡ ಒಂದು ರೀತಿ ವರದಿನೇ, ಪ್ರಾಮಾಣಿಕತೆ ಹೆಸರಲ್ಲಿ ಹೇಳಿ ಚುಚ್ಚಿದ್ದು. ಕಷ್ಟದ್ದು ಬೇರೆ, "ನಿನಗೆ ಮೆಸೇಜು ಬಂದಾಗೆಲ್ಲ ನಾನು ಕುಗ್ಗಿ ಹೋಗ್ತೀನಿ, ತೂಕ ಇಳಿಸ್ತಿರೋದು ಅದಕ್ಕೇ" ಅನ್ನೋದು. ಇದರಲ್ಲಿ ಹೇಳಿದವನೇ ಸಣ್ಣವನಾಗಿ ಕಾಣ್ತಾನೆ. ಅದಕ್ಕೇ ಅದು ಬರಲ್ಲ.

ಯಾರು ಏನಂತಾರೆ

ಒಂದು ಪಕ್ಷ, ಇದೆಲ್ಲ ಪಾಶ್ಚಾತ್ಯ ರೋಗ, ಮದುವೆ ಅಂದ್ರೆ ಒಬ್ಬರಿಗೊಬ್ಬರು. ಇವರ ವಾದದಲ್ಲಿ ಒಂದು ಬಲವಾದ ಅಂಶ ಇದೆ, ಒಬ್ಬರಿಗೆ ಕಟ್ಟುಬಿದ್ದಾಗ ಮೈ ಮುಪ್ಪಾಗೋಕೆ ರಜೆ ಸಿಗುತ್ತೆ, ಮತ್ತೆ ಮತ್ತೆ ಪರೀಕ್ಷೆ ಬರೀಬೇಕಿಲ್ಲ. ಆದ್ರೆ "ನಮ್ಮಲ್ಲಿ ಯಾವಾಗಲೂ ಹೀಗೇ ಇತ್ತು" ಅನ್ನೋದು ಸರಿಯಲ್ಲ. ಹಿಂದೂ ಗಂಡಸು ಎರಡನೇ ಮದುವೆ ಆಗೋದನ್ನ ಮುಂಬೈ ಪ್ರಾಂತ್ಯ ಕಾನೂನು ಮಾಡಿ ನಿಲ್ಲಿಸಿದ್ದು 1946ರಲ್ಲಿ, ಆಗಲೂ ಧರ್ಮಕ್ಕೆ ಕೈ ಹಾಕಿದ್ರು ಅಂತ ಕೋರ್ಟಿಗೆ ಹೋದವರಿದ್ರು. ಇನ್ನು ಎದುರು ಪಕ್ಷದ ಕೆಲವರು ದ್ರೌಪದಿ, ತುಳುನಾಡಿನ ಅಳಿಯಸಂತಾನ ಅಂತ ಎಳೆದು ತರ್ತಾರೆ, ಅದೂ ಸಡಿಲ ಮಾತೇ. ಅಳಿಯಸಂತಾನ ಅಂದ್ರೆ ಆಸ್ತಿ ತಾಯಿ ಕಡೆಯಿಂದ ಇಳೀಬೇಕು ಅನ್ನೋ ಕಟ್ಟು, ಮುಂಬೈಯಲ್ಲಿ ಹೋಟೆಲ್ ಕಟ್ಟಿದ ನಮ್ಮ ಎಷ್ಟೋ ಮನೆತನಗಳ ಹಿಂದೆ ಅದೇ ಇತ್ತು, ಅದನ್ನ ಓಪನ್ ಸಂಬಂಧದ ಸರ್ಟಿಫಿಕೇಟ್ ಮಾಡೋದು ಬೇಡ.

ಎರಡನೇ ಪಕ್ಷ ಓಪನ್ ಸಂಬಂಧದ ಪರ. ಇವರ ಕೈಯಲ್ಲಿ ಅಧ್ಯಯನ ಇವೆ. 2025ರಲ್ಲಿ ಜರ್ನಲ್ ಆಫ್ ಸೆಕ್ಸ್ ರಿಸರ್ಚ್‌ನಲ್ಲಿ 35 ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ ಬರಹ ಬಂತು, ಸುಮಾರು 24 ಸಾವಿರ ಜನರ ಲೆಕ್ಕ, ಒಬ್ಬರಿಗೊಬ್ಬರು ಅಂತ ಇರೋರಿಗೂ ಒಪ್ಪಿ ಓಪನ್ ಇರೋರಿಗೂ ಸಂಬಂಧದ ತೃಪ್ತಿಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಸರಿ, ಆದ್ರೆ ಅದರಲ್ಲಿ ಹೆಚ್ಚಿನವರು ಪಶ್ಚಿಮದ ದೇಶದವರು, ಬೇರೆ ಮನೆ ಮಾಡಿ ಇರಬಲ್ಲವರು, ಕೈಯಲ್ಲಿ ಕೆಲಸ ಇರೋ ಹೆಂಗಸರು, ಬೇಡ ಅಂದ್ರೆ ಎದ್ದು ಹೋಗಬಲ್ಲವರು. ಒಪ್ಪಿಗೆ ಅನ್ನೋ ಪದಕ್ಕೆ ತೂಕ ಬರೋದು ಬೇಡ ಅನ್ನೋಕೆ ದಾರಿ ಇದ್ದಾಗ ಮಾತ್ರ.

ಮೂರನೇದು ಸ್ತ್ರೀವಾದಿಗಳ ಒಂದು ಗುಂಪಿನ ಆಕ್ಷೇಪ, ನನಗೆ ಹೆಚ್ಚು ತೂಕದ್ದು ಅನಿಸೋದು ಇದು. ಇವರ ಪ್ರಕಾರ ಓಪನ್ ಅಂತ ಮಾಡಿದ ಕೂಡಲೇ ಮನೆ ಒಂದು ಮಾರುಕಟ್ಟೆಗೆ ತೆರೆದುಕೊಳ್ಳುತ್ತೆ, ಆ ಮಾರುಕಟ್ಟೆಯಲ್ಲಿ ಬಿಳಿ ಬಣ್ಣಕ್ಕೆ, ಸಣ್ಣ ಸೊಂಟಕ್ಕೆ, ಎತ್ತರಕ್ಕೆ, ಇಂಗ್ಲಿಷಿಗೆ, ಜಾತಿ ಹೆಸರಿಗೆ ರೇಟು ಮೊದಲೇ ನಿಂತಿದೆ. ಬಾಣಂತನ ಆಗಿ ಹೊಟ್ಟೆ ಜೋತಿರೋ ಹೆಂಗಸು, ನಲವತ್ತೆಂಟಕ್ಕೆ ಮುಟ್ಟು ನಿಲ್ಲೋ ಹೊತ್ತಲ್ಲಿ ತೂಕ ಏರಿದವಳು ಸಮಾನ ಸ್ವಾತಂತ್ರ್ಯ ಅಂದ್ಕೊಂಡು ಒಳಗೆ ಹೋಗಿ ಅಲ್ಲಿ ತನ್ನ ಬೆಲೆ ಓದ್ಕೊಂಡು ವಾಪಸ್ ಬರ್ತಾಳೆ. ಮೆಸೇಜು ನೂರು ಬರೋದು ಬೇರೆ, ಮರ್ಯಾದೆ ಸಿಗೋದು ಬೇರೆ ಅಂತ ಅವರು ಹೇಳೋದು ಸುಳ್ಳಲ್ಲ.

ಗುಟ್ಟಿನ ಇಂಜೆಕ್ಷನ್ನು, ಮನೆಯೊಳಗಿನ ರಿಸ್ಕು

ಇಷ್ಟು ಹೊತ್ತು ಮನಸ್ಸಿನ ಮಾತಾಯ್ತು, ಮೈಯ ಲೆಕ್ಕವೂ ಇದೆ, ಇದನ್ನ ಓಪನ್ ಸಂಬಂಧದಲ್ಲಿ ಇರೋರು ಇಲ್ಲದವರು ಎಲ್ಲರೂ ಓದ್ಕೊಳ್ಳಬೇಕು. ಟಿರ್ಜೆಪಟೈಡ್ ಹೊಟ್ಟೆ ಖಾಲಿ ಆಗೋದನ್ನ ನಿಧಾನ ಮಾಡೋದ್ರಿಂದ ನುಂಗಿದ ಗರ್ಭನಿರೋಧಕ ಮಾತ್ರೆ ರಕ್ತಕ್ಕೆ ಸೇರೋದು ಕಮ್ಮಿ ಆಗಬಹುದು. ಔಷಧದ ಸೂಚನೆಯಲ್ಲೇ ಬರೆದಿದೆ, ಶುರು ಮಾಡಿದ ಮೇಲೆ ನಾಲ್ಕು ವಾರ, ಆಮೇಲೆ ಪ್ರತಿ ಸಲ ಡೋಸ್ ಏರಿಸಿದ ಮೇಲೆ ನಾಲ್ಕು ವಾರ, ಮಾತ್ರೆ ನಂಬ್ಕೊಂಡು ಕೂರಬೇಡಿ, ಕಾಂಡೋಮ್ ಬಳಸಿ ಅಥವಾ ಬೇರೆ ವಿಧಾನಕ್ಕೆ ಬದಲಾಯಿಸಿ ಅಂತ. ಡೋಸ್ ನಾಲ್ಕು ವಾರಕ್ಕೊಮ್ಮೆ ಏರಿಸಬಹುದಾದ್ರಿಂದ ಇದು ತಿಂಗಳುಗಟ್ಟಲೆ ಎಳೆಯುತ್ತೆ. ಪಿಸಿಓಡಿ (ಮುಟ್ಟು ಏರುಪೇರಾಗೋ ಹಾರ್ಮೋನ್ ತೊಂದರೆ) ಇರೋರಿಗೆ ತೂಕ ಇಳಿದ ಮೇಲೆ ನಿಂತಿದ್ದ ಅಂಡೋತ್ಪತ್ತಿ ಮತ್ತೆ ಶುರುವಾಗಬಹುದು. ಸೆಮಾಗ್ಲುಟೈಡ್ ತಗೊಳ್ತಿರೋರು ಮಗು ಬೇಕು ಅಂದ್ರೆ ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು.

ಈಗ ಓಪನ್ ಜೋಡಿಗಳ ಮಾಮೂಲಿ ಒಪ್ಪಂದ ನೆನಪು ಮಾಡ್ಕೊಳ್ಳಿ. ಹೊರಗೆ ಕಾಂಡೋಮ್ ಕಡ್ಡಾಯ, ಮನೆಯೊಳಗೆ ಬೇಡ, ಅವಳು ಮಾತ್ರೆ ತಗೊಳ್ತಾಳಲ್ಲ. ಅವಳು ಗುಟ್ಟಾಗಿ ಇಂಜೆಕ್ಷನ್ ಶುರು ಮಾಡಿದ್ರೆ ಅಪಾಯ ಬೀಳೋದು ಹೊರಗಿನವರ ಜೊತೆ ಅಲ್ಲ, ತೀರಾ ಸುರಕ್ಷಿತ ಅಂದ್ಕೊಂಡ ಮನೆಯ ಹಾಸಿಗೆಯಲ್ಲಿ. ಆಮೇಲೆ ಗರ್ಭ ನಿಂತಾಗ ಮೊದಲು ಏಳೋ ಪ್ರಶ್ನೆ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ಚುಚ್ಚುಮದ್ದಿನ ಮಾತು ಹೇಳದೇ ಇದ್ದದ್ದು ಎಲ್ಲಾ ಒಪ್ಪಂದವನ್ನೂ ಅನುಮಾನಕ್ಕೆ ತಳ್ಳುತ್ತೆ.

ಗಂಡಸರ ಕಡೆ ಜಿಮ್ಮಿನ ಸ್ಟೀರಾಯ್ಡ್. ಹೊರಗಿಂದ ಟೆಸ್ಟೋಸ್ಟಿರಾನ್ ಚುಚ್ಚಿಕೊಂಡ್ರೆ ಮೈ ತಾನು ಮಾಡೋದನ್ನ ನಿಲ್ಲಿಸುತ್ತೆ, ವೀರ್ಯಾಣು ಸಂಖ್ಯೆ ಬೀಳುತ್ತೆ, ಬಿಟ್ಟ ಮೇಲೂ ವಾಪಸ್ ಬರೋಕೆ ತಿಂಗಳುಗಳು ಬೇಕು. ತೋಳು ದಪ್ಪ ಆದದ್ದು ಎಲ್ಲರಿಗೂ ಕಾಣುತ್ತೆ, ಇದು ಐವಿಎಫ್ ಕ್ಲಿನಿಕ್ಕಿಗೆ ಹೋದಾಗಲೇ ಗೊತ್ತಾಗೋದು.

ಕಾನೂನು ಎಲ್ಲಿ ನಿಂತಿದೆ

2018ರ ಸೆಪ್ಟೆಂಬರ್ 27ಕ್ಕೆ ಸುಪ್ರೀಂ ಕೋರ್ಟ್ ವ್ಯಭಿಚಾರ ಅಪರಾಧ ಅಂತಿದ್ದ ಐಪಿಸಿ 497ನೇ ಸೆಕ್ಷನ್ ರದ್ದು ಮಾಡ್ತು, ಹಾಗಾಗಿ ಮದುವೆಯಾಚೆಗಿನ ಸಂಬಂಧ ಈಗ ಅಪರಾಧ ಅಲ್ಲ. ತಮಾಷೆ ಅಂದ್ರೆ ಹಳೇ 497ರಲ್ಲೂ ಗಂಡನ ಒಪ್ಪಿಗೆ ಇದ್ರೆ ಅಪರಾಧ ಇರಲಿಲ್ಲ, ಹೆಂಡತಿಯ ಒಪ್ಪಿಗೆ ಮಾತ್ರ ಲೆಕ್ಕಕ್ಕೇ ಇರಲಿಲ್ಲ, ಅವಳು ಅವನ ಸೊತ್ತು ಅನ್ನೋ ಹಾಗೆ.

ಅಪರಾಧ ಅಲ್ಲ ಅಂದ ಮಾತ್ರಕ್ಕೆ ಪರಿಣಾಮ ಇಲ್ಲ ಅಂತಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅದು ಡೈವೋರ್ಸಿಗೆ ಇವತ್ತಿಗೂ ಕಾರಣ. ಅದೇ ಕಾಯ್ದೆಯ 23ನೇ ಸೆಕ್ಷನ್, ಅರ್ಜಿ ಹಾಕಿದವರು ಆ ಸಂಬಂಧಕ್ಕೆ ಕುಮ್ಮಕ್ಕು ಕೊಟ್ಟಿದ್ರಾ, ಗೊತ್ತಿದ್ದೂ ಕ್ಷಮಿಸಿದ್ರಾ ಅಂತ ಕೋರ್ಟು ನೋಡಬೇಕು ಅನ್ನುತ್ತೆ. ಅಂದ್ರೆ "ಹೋಗಿ ಬಾ, ಹನ್ನೊಂದಕ್ಕೆ ವಾಪಸ್ ಬಾ" ಅನ್ನೋ ವಾಟ್ಸಾಪ್ ಮೆಸೇಜು ಬಾಂದ್ರಾ ಫ್ಯಾಮಿಲಿ ಕೋರ್ಟಲ್ಲಿ ಸಾಕ್ಷಿಯಾಗಿ ಎದ್ದು ನಿಲ್ಲಬಹುದು. ಗೋವಾದಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡಿನ ಕಟ್ಟು ಉಳಿದಿದೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡ್ಕೊಳ್ಳದೇ ಇದ್ರೆ ಆಸ್ತಿ ಇಬ್ಬರದ್ದೂ ಜಂಟಿ, ಹಾಗಾಗಿ ಆ ಕಟ್ಟಿನ ಕೆಳಗೆ ಬರೋ ಕುಟುಂಬಕ್ಕೆ ಮುರಿಯೋ ಲೆಕ್ಕವೇ ಬೇರೆ. ಹೆಚ್ಚು ಅಭದ್ರ ಆಗಿರೋದು ಮೂರನೇ ವ್ಯಕ್ತಿ. ಗೊತ್ತಿದ್ದೂ ಮದುವೆಯಾದ ಗಂಡಸಿನ ಜೊತೆ ಇದ್ದ ಹೆಂಗಸಿನ ಸಂಬಂಧ "ಮದುವೆಯಂಥ ಸಂಬಂಧ" ಅಲ್ಲ, ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಅದಕ್ಕಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಓಪನ್ ಸಂಬಂಧದ ಚರ್ಚೆಯಲ್ಲಿ ಈ ಮೂರನೆಯವಳ ಹೆಸರು ಬಹಳ ಕಮ್ಮಿ ಕೇಳಿಸುತ್ತೆ.

ಜಾಗದ ಕಷ್ಟ, ಮತ್ತೆ ಮುಂದೆ

ಮುಂಬೈಯಲ್ಲಿ ಎಲ್ಲಾ ಕಥೆಯೂ ಕೊನೆಗೆ ಜಾಗದ ಕಥೆ. ಮದುವೆ ಆಗದ ಜೋಡಿ ಹೋಟೆಲಲ್ಲಿ ರೂಮ್ ಹಿಡಿಯೋದನ್ನ ತಡೆಯೋ ಕಾನೂನಿಲ್ಲ, ಆದ್ರೂ 2015ರ ಆಗಸ್ಟಲ್ಲಿ ಮಢ್ ಐಲ್ಯಾಂಡ್, ಆಕ್ಸಾ ಕಡೆಯ ಹೋಟೆಲುಗಳಿಗೆ ಪೊಲೀಸರು ನುಗ್ಗಿ ಜೋಡಿಗಳನ್ನ ಎಳ್ಕೊಂಡು ಹೋಗಿದ್ದು ಜನ ಮರೆತಿಲ್ಲ. ಅದಕ್ಕೇ ಎಷ್ಟೋ ಜನರ ಓಪನ್ ಸಂಬಂಧ ಗೋವಾದ ವೀಕೆಂಡಿಗೆ ಸೀಮಿತ. ಗೋವಾ ಅಂದ್ರೆ ಬೀಚು, ಬೀಚು ಅಂದ್ರೆ ಮೈ, ಟಿಕೆಟ್ ಬುಕ್ ಆದ ದಿನದಿಂದ ತೂಕದ ಮಶೀನ್ ಹತ್ತೋದು ಶುರು. ವರ್ಷಪೂರ್ತಿ ಹರಡಿಕೊಂಡು ಹಗುರ ಆಗಬಹುದಿದ್ದ ಒತ್ತಡ ಹೀಗೆ ಎರಡು ದಿನಕ್ಕೆ ಬಂದು ಕೂರುತ್ತೆ.

ಮುಂದೆ ಆಗಬಹುದಾದ್ದು ಇಷ್ಟು. ಔಷಧ ಅಗ್ಗ ಆದ ಹಾಗೆ ಸಣ್ಣ ಮೈ ಶ್ರೀಮಂತರ ಗುರುತಾಗಿ ಉಳಿಯಲ್ಲ, ಆಗ ಆದರ್ಶ ಇನ್ನೊಂದು ಕಡೆ ಜಾರುತ್ತೆ, ಬಹುಶಃ ಸ್ನಾಯುವಿನ ಕಡೆಗೆ, ಯಾಕಂದ್ರೆ ವೇಗವಾಗಿ ಇಳಿದ ತೂಕದಲ್ಲಿ ಸ್ನಾಯುವೂ ಹೋಗಿರುತ್ತೆ, ಅದನ್ನ ಕಟ್ಟೋಕೆ ಮತ್ತೆ ಟೈಮು ದುಡ್ಡು ಎರಡೂ ಬೇಕು. ಸಂಘದ ಊಟದ ಪಂಕ್ತಿಯಲ್ಲಿ ಎರಡನೇ ಸಲ ಅನ್ನ ಬೇಡ ಅಂದವರನ್ನ ಬಡಿಸೋರು ಅನುಮಾನದಿಂದ ನೋಡೋ ಕಾಲ ಬರುತ್ತೆ. ಕೌನ್ಸೆಲರುಗಳ ಹತ್ತಿರ ಹೋಗೋ ಕನ್ನಡದ ಜೋಡಿಗಳು ಮೊದಲ ಅರ್ಧ ಗಂಟೆ ಇಂಗ್ಲಿಷಲ್ಲಿ ರೂಲ್ಸ್ ಹೇಳಿ ಆಮೇಲೆ ಸುಮ್ಮನಾಗೋದು ಹೆಚ್ಚಾಗುತ್ತೆ.

ಗುಟ್ಟು ಮಾತ್ರ ಬಹಳ ದಿನ ನಿಲ್ಲೋದು ಕಷ್ಟ, ಅದಕ್ಕೆ ಕಾರಣ ಯಾವ ನೀತಿಯೂ ಅಲ್ಲ. ಈ ಇಂಜೆಕ್ಷನ್ ಬಳಸೋ ಮುಂಚೆ 2ರಿಂದ 8 ಡಿಗ್ರಿ ಒಳಗೆ ಇಡಬೇಕು. ಒನ್ ಬಿಎಚ್‌ಕೆಯಲ್ಲಿ ಇರೋದು ಒಂದೇ ಫ್ರಿಜ್ಜು, ಇಡ್ಲಿ ಹಿಟ್ಟಿನ ಡಬ್ಬದ ಹಿಂದೆ ಏನಿದೆ ಅಂತ ಇವತ್ತಲ್ಲ ನಾಳೆ ಯಾರಾದರೂ ಕೈ ಹಾಕೇ ಹಾಕ್ತಾರೆ.